ಗಬ್ಬದ ಆಕಳಿನ ಸೂಜಿ

೨೦೦೪ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಇಯತ್ತೆ ಪಾಸಾಗಿದ್ದೆ. ನಪಾಸಾಗಿ ಬಿಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಪ್ಪನ ಮೊಣಕಾಲು ಕೆಟ್ಟಿತ್ತು, ದನದ ಸಂತೆಗೆ ಮನೆಯಿಂದ ಒಬ್ಬರು ಹೋಗಲೇಬೇಕಿತ್ತು. ಚಚಡಿ ಹತ್ತಿರದ ನಮ್ಮೂರಿನಿಂದ ಬೈಲಹೊಂಗಲ, ಮುನವಳ್ಳಿ, ಕಿತ್ತೂರು ಎಂದು ತಿರುಗುತ್ತ ದಲಾಲನಾದೆ. ಟವೆಲ್ಲಿನ ಅಡಿಯಲ್ಲಿ ಕೈ ಕೈ ಹಿಡಿದು ಬೆರಳಿನಿಂದಲೇ ದರ ಹೇಳುವ ಉದ್ಯೋಗ ಇದು. ಬಾಯಿ ಒಂದು ಹೇಳುತ್ತದೆ, ಬೆರಳು ಇನ್ನೊಂದು. ಇಷ್ಟು ವರ್ಷ ಇದರಲ್ಲೇ ದುಡಿದು ತಿಂದವನಿಗೆ ಯಾರ ಮಾತೂ ಸುಲಭಕ್ಕೆ ಒಳಗಿಳಿಯುವುದಿಲ್ಲ.

ಹೆಂಡತಿ ಬಸುರಾದಾಗ ಬೈಲಹೊಂಗಲದ ಹೆಣ್ಣು ಡಾಕ್ಟರು, ನಮ್ಮ ಕಡೆ ಬಾಯಾರು ಅನ್ನುತ್ತೇವೆ, ಸ್ಕ್ಯಾನಿಂಗ್ ಮಾಡಿ, “ಎರಡು ಅದಾವ ನೋಡ್ರಿ” ಅಂದರು. ನಾನು ಇನ್ನೂ ನಗುವಷ್ಟರಲ್ಲೇ ಮುಂದಿನ ಮಾತು ಬಂತು. “ಜೋಡಿ ಇದ್ದಾಗ ದಿನಾ ತುಂಬೂತನಕಾ ನಿಲ್ಲೂದು ಕಡಿಮಿ. ಹೊಟ್ಟಿ ಮ್ಯಾಲಿಂದ ಮ್ಯಾಲೆ ಬಿಗದ್ರ, ಟೊಂಕ ಎಳದ್ರ, ನೀರು ಹ್ವಾದ್ರ, ನಾಳಿ ನೋಡೂಣು ಅನಬ್ಯಾಡ್ರಿ.”

“ಹಂಗಾರ ಈಗಿಂದ ಹಾಸಿಗಿ ಹಿಡದು ಮಲಗಬೇಕೇನ್ರಿ?” ಎಂದಳು ಹೆಂಡತಿ.

“ಬ್ಯಾಡವಾ. ಮಲಗಿದ ಕೂಡ್ಲೆ ನಿಲ್ಲತಾವು ಅಂತೇನಿಲ್ಲ. ಭಾರಾ ಎತ್ತಬ್ಯಾಡ, ತಪಾಸಣಿ ತಪ್ಪಸಬ್ಯಾಡ.”

ಹೊರಗೆ ಬಂದವನೇ ನಾನು ಅಂದೆ: “ಈಗಿಂದನ ಹೆದರಿಸಿ ಇಟ್ರ ಅವರ ಹಾಸಿಗಿ ಖಾಲಿ ಉಳಿಯೂದಿಲ್ಲ.”

“ನಿಮಗ ದೇವ್ರು ಪ್ರಸಾದ ಕೊಟ್ರೂ ಮೂಸಿ ನೋಡತೀರಿ” ಎಂದಳು.

ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡೆವು. ಅತ್ತೆ ರಾಮದುರ್ಗದಿಂದ ಹಸಿರು ಸೀರೆ, ಬಳೆ, ಬುಟ್ಟಿಗಟ್ಟಲೆ ತಿಂಡಿ ತಂದಿದ್ದರು. ಮಗಳನ್ನು ಹೆರಿಗೆಗೆ ತವರಿಗೆ ಕರೆದೊಯ್ಯುವ ಲೆಕ್ಕ ಅವರದು. ಆರತಿ ಮುಗಿದು ಹೆಂಗಸರು ಊಟಕ್ಕೆ ಕೂತಾಗ ಹೆಂಡತಿ ಮಾತ್ರ ಟೊಂಕ ಹಿಡಿದು ಗೋಡೆಗೆ ಆನಿಕೊಂಡಿದ್ದಳು.

“ಸುಳ್ಳ ಬ್ಯಾನಿ ಅವು” ಅಂದರು ಅತ್ತೆ. “ಇನ್ನಾ ಎಂಟರಾಗ ಬಿದ್ದಿಲ್ಲ. ಜೀರಗಿ ನೀರು ಕುಡಿ.”

“ಯವ್ವಾ, ಬಿಗದು ಬಿಡತೈತಿ, ಮತ್ತ ಬಿಗೀತೈತಿ. ಬಾಯಾರು ಹೇಳಿದ್ದು ಇದ.”

ನನ್ನ ಟೆಂಪೊ ತೆಗೆದೆ. ಅತ್ತೆ ಸೆರಗು ಮೂಗಿಗೆ ಹಿಡಿದು, “ಅಳಿಯಾರ, ಎಮ್ಮಿ ಹೊರೂ ಗಾಡ್ಯಾಗ ನನ್ನ ಮಗಳ್ನ ಒಯ್ತೀರೇನು?” ಎಂದು ಕೇಳಿದರು. “ಎಮ್ಮಿಕಿಂತ ನಾನ ಭಾರ ಅದೇನಿ, ಹತ್ತ ಯವ್ವಾ” ಎಂದು ಹೆಂಡತಿಯೇ ಮೊದಲು ಹತ್ತಿ ಮುಂದೆ ಕೂತಳು.

ಬೈಲಹೊಂಗಲದಲ್ಲಿ ಬಾಯಾರು ಪರೀಕ್ಷೆ ಮಾಡಿ, ಗರ್ಭದ ಬಾಯಿ ತೆರೆಯಲು ಹತ್ತಿದೆ ಎಂದು ಬ್ಯಾನಿ ತಡೆಯುವ ಗುಳಿಗೆ ಕೊಟ್ಟರು. ತೀರ ಸಣ್ಣ ಕೂಸುಗಳನ್ನು ಕಾಪಾಡುವ ಮಶೀನು ಅಲ್ಲಿರಲಿಲ್ಲ. ಜಿಲ್ಲೆಯ ದೊಡ್ಡಾಸ್ಪತ್ರೆಗೆ ಕಳಿಸುತ್ತೇವೆ, ಹೊರಡುವ ಮೊದಲು ಒಂದು ಸೂಜಿ ಹಾಕಬೇಕು ಎಂದರು. ಸಿಸ್ಟರ್ ಸಣ್ಣ ಬಾಟಲಿ ತೆಗೆದಳು. ಅದರ ಮೇಲಿನ ಇಂಗ್ಲಿಷ್ ಹೆಸರನ್ನು ನಾನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಆ ಹೆಸರು ನನಗೆ ಗೊತ್ತಿತ್ತು. ದನದ ಡಾಕ್ಟರ ಚೀಲದಲ್ಲಿ ಅದನ್ನು ನೋಡಿದ್ದೆ. ದಿನ ಹತ್ತಿರ ಬಂದ ಗಬ್ಬದ ಆಕಳಿಗೆ ಅದನ್ನು ಚುಚ್ಚಿದರೆ ಆಕಳು ಬೇಗ ಕರು ಹಾಕುತ್ತದೆ. ಸಂತೆಯಲ್ಲಿ ಇದು ಎಲ್ಲರಿಗೂ ಗೊತ್ತು.

ಸೂಜಿಗೂ ಹೆಂಡತಿಗೂ ನಡುವೆ ಕೈ ಚಾಚಿದೆ.

“ಸರೀರಿ ಅತ್ಲಾಗ” ಎಂದಳು ಸಿಸ್ಟರ್. “ದನದ ಸಂತಿ ಅಲ್ಲ ಇದು.”

“ಸೂಜಿ ದನದ್ದ ಐತೆಲ್ಲ! ಬಾಯಾರ, ಇದನ್ನ ಹಾಕಿದ್ರ ಆಕಳ ಲಗೂನ ಕರಾ ಹಾಕತೈತಿ. ನಾ ಕಣ್ಣಾರೆ ನೋಡೇನಿ. ಬ್ಯಾನಿ ತಡೀತೀವಿ ಅಂತೀರಿ, ಹಡಸೂ ಸೂಜಿ ಹಾಕತೀರಿ. ಯಾರ್ನ ಮಳ್ಳ ಮಾಡತೀರಿ?”

ಬಾಯಾರು ಸಿಟ್ಟಾಗಲಿಲ್ಲ. ಅದರಿಂದ ನನ್ನ ಸಂಶಯ ಹೆಚ್ಚೇ ಆಯಿತು. ಸುಳ್ಳು ಹೇಳುವ ವ್ಯಾಪಾರಿಯೂ ಸಿಟ್ಟಾಗುವುದಿಲ್ಲ.

“ನೀವು ಹೇಳೂದು ಖರೆ” ಅಂದರು. “ಆಕಳಾಗ ಹಂಗ ಆಗತೈತಿ. ಹೆಣ್ಮಕ್ಕಳಾಗ ಇದು ಬ್ಯಾನಿ ತರೂದಿಲ್ಲ, ಮೈ ಬ್ಯಾರೆ. ಇಲ್ಲಿ ಇದರ ಕೆಲಸ ಕೂಸಿನ ಪುಪ್ಪಸಕ್ಕ. ದಿನಾ ತುಂಬದ ಕೂಸಿನ ಪುಪ್ಪಸ ಇನ್ನಾ ಬಲಿತಿರೂದಿಲ್ಲ, ಹೊರಗ ಬಂದ ಮ್ಯಾಲೆ ಉಸರು ಸಿಗೂದಿಲ್ಲ. ಈ ಸೂಜಿ ಬಲಸತೈತಿ. ಬ್ಯಾನಿ ತಡಿಯಾಕ ಗುಳಿಗಿ ಬ್ಯಾರೆ ಕೊಟ್ಟೇನಿ. ಅದೂ ಕಾಯಂ ತಡಿಯೂದಿಲ್ಲ, ಸೂಜಿ ಹತ್ತೂತನಕಾ ಹೊತ್ತು ಕೊಡತೈತಿ, ಅಷ್ಟ.”

ಎಲ್ಲಾ ಸರಿಯಾಗಿಯೇ ಹೊಂದುತ್ತಿತ್ತು. ಅಷ್ಟು ಸರಿಯಾಗಿ ಹೊಂದುವ ಮಾತು ನನಗೆ ಸೇರುವುದಿಲ್ಲ. ಕಿತ್ತೂರಿನ ದನದ ಡಾಕ್ಟರಿಗೆ ಕೇಳೋಣವೆಂದು ಫೋನು ತೆಗೆದೆ.

ಹೆಂಡತಿ ಹಲ್ಲು ಕಚ್ಚಿ ಒಂದು ಬ್ಯಾನಿ ದಾಟಿಸಿ, ನನ್ನ ಕಡೆ ತಿರುಗಿದಳು. “ರೀ, ನಿಮ್ಮ ಫೋನ್ ಮುಗಿಯೂತನಕಾ ಇವು ಒಳಗ ಕುಂದ್ರೂದಿಲ್ಲ. ನಾ ಆಕಳಲ್ಲ, ನೀವು ನನ್ನ ದಲಾಲ ಅಲ್ಲ. ಅಕ್ಕಾರ, ಹಾಕ್ರಿ.”

ಸಿಸ್ಟರ್ ಹಾಕಿದಳು. ಖಾಲಿ ಬಾಟಲಿಯನ್ನು ನಾನು ಕೇಳಿ ಇಸಿದುಕೊಂಡು ಕಿಸೆಯಲ್ಲಿ ಇಟ್ಟೆ. ಆಂಬ್ಯುಲೆನ್ಸಿನಲ್ಲಿ ದಾರಿಯುದ್ದಕ್ಕೂ ಅವಳ ಹೊಟ್ಟೆಯ ಮೇಲೆ ಕೈ ಇಟ್ಟು ಕೂತಿದ್ದೆ. ಬಿಗಿತ ಹೆಚ್ಚಿದ್ದರೆ ಆ ಬಾಟಲಿಯನ್ನು ಸಂತೆ ಸಂತೆಗೆ ಒಯ್ದು ತೋರಿಸುತ್ತಿದ್ದೆ. ಹೆಚ್ಚಲಿಲ್ಲ. ದೊಡ್ಡಾಸ್ಪತ್ರೆ ಮುಟ್ಟುವಷ್ಟರಲ್ಲಿ ಕಡಿಮೆಯೇ ಆಗಿತ್ತು.

ಆಗ ಇನ್ನೊಂದು ಸಂಶಯ ಹುಟ್ಟಿತು: ಬ್ಯಾನಿ ನಿಂತ ಮೇಲೆ ಇಲ್ಲೇಕೆ ಇಟ್ಟುಕೊಂಡಿದ್ದಾರೆ? ಅತ್ತೆಯೂ “ರಾಮದುರ್ಗಕ್ಕ ನಡೀರಿ” ಎಂದು ಹಟ ಹಿಡಿದರು. ಹೆಂಡತಿ ಗೋಡೆ ಕಡೆ ಮುಖ ಮಾಡಿ ಮಲಗಿದಳು, ಏಳಲಿಲ್ಲ. ಅದೇ ಸೂಜಿಯನ್ನು ಅಲ್ಲಿ ಇನ್ನೂ ಮೂರು ಸಲ ಹಾಕಿದರು. ಮೂರನೇ ದಿನ ನೀರು ಹೋಯಿತು. ಮಧ್ಯಾಹ್ನದೊಳಗೆ ಎರಡೂ ಹುಟ್ಟಿದವು. ರಾಮದುರ್ಗದ ದಾರಿ ಹಿಡಿದಿದ್ದರೆ ಎಲ್ಲಿ ಹುಟ್ಟುತ್ತಿದ್ದವೋ.

ಮಗಳು ಅತ್ತಳು. ದನಿ ಬೆಕ್ಕಿನ ಮರಿಯಷ್ಟೇ, ಆದರೂ ಅತ್ತಳು. ಮಗನಿಗೆ ಮೂಗಿನಲ್ಲಿ ನಳಿಗೆ ಇಟ್ಟು ಕೆಲವು ದಿನ ಉಸಿರಿಗೆ ಆಸರೆ ಕೊಟ್ಟರು. ಗಾಜಿನ ಈಚೆ ನಿಂತು ಅವನ ಎದೆ ಏಳುವುದನ್ನೂ ಇಳಿಯುವುದನ್ನೂ ನೋಡಿದೆ. ಕೂಸುಗಳ ಕೈಗೆ ಕಟ್ಟಿದ ಚೀಟಿ ಬದಲಾಗಿದೆಯೋ ಎಂದು ದಿನಾ ನೋಡುತ್ತಿದ್ದೆ. ಮಗನ ಕಿವಿಯ ಹಿಂದೆ ಒಂದು ಮಚ್ಚೆ ಇತ್ತು, ಅದನ್ನೂ ನೋಡುತ್ತಿದ್ದೆ.

ಮಗ ತಾನೇ ಉಸಿರಾಡುವಂತಾದ ಮೇಲೆ ಅಲ್ಲಿಯ ಸಿಸ್ಟರ್ ಬಂದು, “ಒಂದು ತಾಯಿ ಎದಿ ಮ್ಯಾಲ, ಒಂದು ನಿಮ್ಮ ಎದಿ ಮ್ಯಾಲ. ಕೂಸಿಗೆ ಮೈ ಬಿಸಿ ಬೇಕು, ಅಂಗಿ ತಗೀರಿ” ಅಂದಳು.

“ನಿಮ್ಮ ಮಶೀನು ಬ್ಯಾರೆಯವರಿಗೆ ಬೇಕಾತೇನ್ರಿ?”

“ಮಶೀನಿಗೆ ಎದಿ ಬಡತಾ ಇರೂದಿಲ್ರಿ. ಜೋಡಿ ಹಡದೀರಿ, ಆಕಿಗೆ ಇರೂದು ಒಂದ ಎದಿ. ಆ ಸಂತಿ ಟವೆಲ್ ಅತ್ಲಾಗ ಇಡ್ರಿ, ತೊಳದದ್ದು ತರ್ರಿ.”

ಅತ್ತೆ ಒಗೆದ ಟವೆಲ್ ತಂದು, ನಗು ತಡೆಯಲಾರದೆ, ಮಗನನ್ನು ನನ್ನ ಬರಿಯ ಎದೆಗೆ ಕಟ್ಟಿದರು. “ಅಳಿಯಾರ ಬಾಣಂತನಾನೂ ನಾನ ಮಾಡಬೇಕೇನು!” ಎಂದರು. ಪಕ್ಕದ ಹಾಸಿಗೆಯಲ್ಲಿ ಮಗಳನ್ನು ಅಪ್ಪಿಕೊಂಡಿದ್ದ ಹೆಂಡತಿಯೂ ನಕ್ಕಳು.

ನಾನು ಟವೆಲ್ಲಿನ ಒಳಗೆ ಕೈ ಹಾಕಿ ಉಸಿರು ಸರಿಯಿದೆಯೋ ಎಂದು ನೋಡುತ್ತಿದ್ದೆ. ಅವನು ನನ್ನ ಒಂದು ಬೆರಳು ಹಿಡಿದ. ಸಂತೆಯಲ್ಲಾದರೆ ನಾನು ಕೈ ಕೊಡವಿ ಇನ್ನೊಂದು ದರ ಕೇಳುತ್ತಿದ್ದೆ. ಸಿಸ್ಟರ್ ಸಾಕು ಅನ್ನುವವರೆಗೆ ಅಲುಗದೆ ಕೂತೆ.

ಈಗ ನನಗಿರುವುದು ಇಷ್ಟು: ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು, ಎರಡು ಎಕರೆ ಹೊಲ, ಒಂದು ಟೆಂಪೊ, ಐದು ಎಮ್ಮೆ, ಎರಡು ಆಕಳು. ಆಕಳಲ್ಲಿ ಒಂದು ಗಬ್ಬ. ಅದರ ದಿನ ತುಂಬುವವರೆಗೆ ಆ ಸೂಜಿ ಹಾಕಲು ಬಿಡುವುದಿಲ್ಲ.