ಅಂಚು ಹರಿದ ಕಾಡತೂಸು

ಸಿದ್ರಾಮ ಬಿರಾದಾರರಿಗೆ ಒಂದು ಕಡೆ ಸುಮ್ಮನೆ ಕೂತು ಗೊತ್ತಿಲ್ಲ. ಕನ್ನೊಳ್ಳಿಯವರು. ಪೊಲೀಸ್ ಮೀಸಲು ತುಕಡಿಯೊಂದರಲ್ಲಿ ಹೆಡ್ ಕಾನ್ಸ್‌ಟೇಬಲ್. ಇಪ್ಪತ್ತೆರಡು ವರ್ಷಗಳಿಂದ ಬಂದೂಕು ರಿಪೇರಿಯೇ ಅವರ ಕೆಲಸ. ಚಹಾ ಕುಡಿಯುವಾಗಲೂ ಇನ್ನೊಂದು ಕೈ ಎಣ್ಣೆಬಟ್ಟೆ ತಿರುವುತ್ತಿರುತ್ತದೆ.

ಕಳೆದ ನವೆಂಬರಿನಲ್ಲಿ ಬಸವನ ಬಾಗೇವಾಡಿಯ ಆಚೆ, ಹಳೆಯ ಕಲ್ಲಿನ ಖಣಿಯೊಂದರ ಹತ್ತಿರ ತುಕಡಿಯ ವಾರ್ಷಿಕ ಗುರಿ ಅಭ್ಯಾಸ ನಡೆಯಿತು. ಮುದ್ದೇಬಿಹಾಳದ ಶುಭಾ ದೇಶಪಾಂಡೆ ಎಂಬ ಕಾನ್ಸ್‌ಟೇಬಲ್‌ಳ ಸರದಿ ಬಂತು. ಬೋಧಕರ ತರಬೇತಿಗೆ ಆಯ್ಕೆಯಾಗಲು ಆಕೆಗೆ ಅಂದಿನ ಅಂಕ ಬೇಕಿತ್ತು. ಮೂರು ಗುಂಡು ಸರಿಯಾಗಿ ಹೋದವು. ನಾಲ್ಕನೆಯದಕ್ಕೆ ರೈಫಲ್ ನಿಂತುಬಿಟ್ಟಿತು.

ಗುಂಡು ಹಾರಿದೊಡನೆ ಖಾಲಿ ಕಾಡತೂಸನ್ನು, ಅಂದರೆ ಹಿತ್ತಾಳೆಯ ಕವಚವನ್ನು, ತಾನೇ ಎಳೆದು ಹೊರಗೆಸೆದು, ಮುಂದಿನದನ್ನು ತುಂಬಿಕೊಳ್ಳುವ ರೈಫಲ್ ಅದು. ಆ ಸಲ ಎಳೆಯುವ ಕೊಕ್ಕೆ ಹಿತ್ತಾಳೆಯ ಅಂಚನ್ನಷ್ಟೇ ಹರಿದುಕೊಂಡು ಬಂದಿತ್ತು. ಕಾಡತೂಸು ಒಳಗೇ ಕಚ್ಚಿಕೊಂಡು ಕೂತಿತ್ತು.

"ಬಂದೂಕು ಕ್ಲೀನ್ ಮಾಡೂದು ಬಿಟ್ಟು ಏನ್ ಮಾಡ್ತಿದ್ದಿ?" ಎಂದರು ಇನ್‌ಸ್ಪೆಕ್ಟರ್. "ಮೆಮೊ ಬರ್ತೈತಿ. ಉತ್ತರಾ ಕೊಡು."

"ಮುಂಜಾನೆನ ಒರಿಸೇನ್ರಿ ಸಾಹೇಬ್ರ," ಎಂದಳು ಶುಭಾ. ಅವರು ಆಗಲೇ ಮುಂದಿನ ಹೆಸರು ಕರೆದಿದ್ದರು.

ಸಿದ್ರಾಮ ರೈಫಲ್ ಬರಿದು ಮಾಡಿ, ನಳಿಗೆಯ ಬಾಯಿಂದ ಸಲಾಕೆ ತೂರಿಸಿ ಆ ಕಾಡತೂಸನ್ನು ಹೊರಗೆ ತಳ್ಳಿದರು. ಅಂಚಿನಲ್ಲಿ ಇಲಿ ಕಡಿದಂಥ ಗಾಯ. ಮೈಮೇಲೆ ಉದ್ದುದ್ದ ಸಣ್ಣ ಗೀರುಗಳು.

ಕೊಕ್ಕೆ ಸವೆದಿರಬೇಕು ಎಂದುಕೊಂಡು ಮರುದಿನ ಕೊಕ್ಕೆಯನ್ನೂ ಅದರ ಸ್ಪ್ರಿಂಗನ್ನೂ ಬದಲಿಸಿ ಗುಂಡು ಹಾರಿಸಿ ನೋಡಿದರು. ಆರನೆಯದರ ಅಂಚು ಮತ್ತೆ ಹರಿಯಿತು. ಅದೇ ಪೆಟ್ಟಿಗೆಯ ಗುಂಡುಗಳನ್ನು ಬೇರೆ ರೈಫಲ್ಲಿಗೆ ಹಾಕಿದರೆ ಹತ್ತಕ್ಕೆ ಹತ್ತೂ ಸಲೀಸಾಗಿ ಹೊರಬಿದ್ದವು. ಹಾಗಾದರೆ ಗುಂಡಿನದೂ ತಪ್ಪಿಲ್ಲ.

ಮಧ್ಯಾಹ್ನ ಮನೆಗೆ ಬಂದವರು ಊಟಕ್ಕೆ ಕೂತರೂ ಕಾಡತೂಸನ್ನು ಬೆರಳಲ್ಲಿ ತಿರುಗಿಸುತ್ತಲೇ ಇದ್ದರು.

"ಮೊದ್ಲ ಊಟಾ ಮಾಡ್ರಿ. ಅದೇನ್ ಎಲ್ಲೂ ಓಡಿ ಹೋಗೂದಿಲ್ಲ," ಎಂದಳು ಹೆಂಡತಿ ಶೈಲಶ್ರೀ.

"ಕೊಕ್ಕಿ ಹೊಸಾದು. ಗುಂಡು ಚಲೋ ಅದಾವ. ಅಂದ್ರ ಎಳಿಯೂದ ಜೋರ್ ಆಗೇತಿ," ಎಂದ ಸಿದ್ರಾಮರ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತು.

ಅವರಿಗೆ ಆಗಸ್ಟ್ ತಿಂಗಳು ನೆನಪಾಗಿತ್ತು. ಸಿಡಿದ ಮದ್ದಿನ ಹೊಗೆಯ ಒಂದು ಪಾಲೇ ಆ ಕೊಕ್ಕೆಯನ್ನು ಹಿಂದಕ್ಕೆ ತಳ್ಳುವುದು. ಎಷ್ಟು ಹೊಗೆ ಬೇಕೆಂದು ಹೊಂದಿಸಲು ನಳಿಗೆಯ ಮೇಲೊಂದು ತಿರುಗುಬಳೆ ಇದೆ. ಅದನ್ನು ಅತಿಯಾಗಿ ಬಿಗಿದರೆ ತಳ್ಳುವ ಹೊಗೆ ಹೆಚ್ಚಾಗಿ, ಬಿಸಿಗೆ ಉಬ್ಬಿದ ಕಾಡತೂಸು ನಳಿಗೆಯ ಒಳಗೋಡೆ ಬಿಡುವ ಮೊದಲೇ ಕೊಕ್ಕೆ ಅದನ್ನು ಜಗ್ಗುತ್ತದೆ. ಆಗಸ್ಟಿನಲ್ಲಿ ಇದೇ ರೈಫಲ್ 'ಮಂದ ನಡೆಯುತ್ತದೆ' ಎಂಬ ದೂರಿನೊಡನೆ ಬಂದಿತ್ತು. ಬಿಚ್ಚಿ ಒಳಗಿನ ಮಸಿ ತೆಗೆಯಬೇಕಿತ್ತು. ಎರಡು ದಿನದಲ್ಲಿ ನಲವತ್ತು ರೈಫಲ್ ನೋಡಬೇಕಿತ್ತು. ತಂಗಿಯ ಮಗಳ ನಿಶ್ಚಯಕ್ಕೆಂದು ನಾಲ್ಕು ಗಂಟೆಯ ಇಂಡಿ ಬಸ್ಸನ್ನೂ ಹಿಡಿಯಬೇಕಿತ್ತು. ಬಿಚ್ಚುವ ಬದಲು ಬಳೆಯನ್ನೇ ಅಂದಾಜಿನ ಮೇಲೆ ಬಿಗಿದರು, ಎರಡು ಗುಂಡು ಹಾರಿಸಿದರು, ನಡೆಯಿತು. ಸರಿಯಿದೆ ಎಂದು ಸಹಿ ಹಾಕಿ ಹೊರಟುಬಿಟ್ಟರು.

ಕೈ ತೊಳೆದು ನೇರ ಶಸ್ತ್ರಾಗಾರಕ್ಕೆ ಹೋದರು. ಬಳೆ ಕೊನೆಯ ಗೀಟಿಗೆ ಬಂದು ನಿಂತಿತ್ತು. ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ ನಳಿಗೆಯಲ್ಲಿ ಗುಂಡು ಕೂರುವ ಗೂಡಿನ ಒಳಗೆ ಸುತ್ತಲೂ ತುಕ್ಕು ತಿಂದ ಗೆರೆ. ಕಾಡತೂಸಿನ ಮೈಮೇಲಿನ ಗೀರುಗಳು ಅದರವೇ. ಅಂದೇ ಬಿಚ್ಚಿದ್ದರೆ ಕಾಣುತ್ತಿತ್ತು.

ಬಳೆ ಸಡಿಲಿಸಿ, ತುಕ್ಕು ಉಜ್ಜಿ ಇಟ್ಟರೆ ಯಾರಿಗೂ ತಿಳಿಯುವುದಿಲ್ಲ. ಬಾಗಿಲಿಂದ ಗೇಟಿನವರೆಗೆ, ಗೇಟಿನಿಂದ ಬಾಗಿಲವರೆಗೆ ಓಡಾಡಿದರು. ಅಷ್ಟರಲ್ಲಿ ಶುಭಾ ಮೆಮೊ ಹಿಡಿದು ಬಂದಳು.

"ಸರ, ಇದಕ್ಕ ಏನ್ ಬರೀಲ್ರಿ? ತಪ್ಪಾತು ಅಂತ ಬರದ್ರ ಮುಗೀತೈತೇನ್ರಿ?"

ಸಿದ್ರಾಮ ಆಕೆಯ ಮುಖ ನೋಡಲಿಲ್ಲ. "ಏನೂ ಬರೀಬ್ಯಾಡ ತಂಗಿ. ಇಲ್ಲೇ ನಿಂದ್ರು."

ಇನ್‌ಸ್ಪೆಕ್ಟರ್ ಕೋಣೆಗೆ ಹೋಗಿ ನಿಂತರು. "ಸಾಹೇಬ್ರ, ಶುಭಾಂದು ಏನೂ ತಪ್ಪಿಲ್ರಿ. ಆ ರೈಫಲ್ ಬಿಚ್ಚಿ ನೋಡ್ಲಾರ್ದ ಸಹಿ ಹಾಕಿದಾಂವ ನಾನ್ರಿ."

ಇನ್‌ಸ್ಪೆಕ್ಟರ್ ಪೂರ್ತಿ ಕೇಳಿಸಿಕೊಂಡರು. "ಬರದು ಕೊಟ್ರ ನಿನ್ನ ಸರ್ವಿಸ್ ಬುಕ್ಕಿನಾಗ ಏರ್ತೈತಿ ಸಿದ್ರಾಮ. ಇಷ್ಟ ವರ್ಷ ಒಂದ್ ಕಲೆ ಇಲ್ಲ."

"ಗೊತ್ತೈತ್ರಿ. ಕಾಗದಾ ಕೊಡ್ರಿ."

ಮೆಮೊ ರದ್ದಾಯಿತು. ಒಂದು ವಾರದ ಮೇಲೆ ಶುಭಾ ಬೇರೆ ರೈಫಲ್ಲಿನಲ್ಲಿ ಗುರಿ ಹೊಡೆದು ತರಬೇತಿಗೆ ಆಯ್ಕೆಯಾದಳು. ಸಿದ್ರಾಮರಿಗೆ ಲಿಖಿತ ಎಚ್ಚರಿಕೆ ಬಂತು. ಕೆಟ್ಟ ನಳಿಗೆಯ ರೈಫಲ್ಲನ್ನು ಪೆಟ್ಟಿಗೆಯಲ್ಲಿಟ್ಟು ದೊಡ್ಡ ವರ್ಕ್‌ಶಾಪಿಗೆ ಕಳಿಸಿದರು.

ಹೇಳಿಬಿಟ್ಟರೆ ಹಗುರಾಗುತ್ತದೆ ಎಂದುಕೊಂಡಿದ್ದರು. ಆಗಲಿಲ್ಲ. ಆ ಎರಡು ದಿನಗಳಲ್ಲಿ ಸಹಿ ಹಾಕಿದ ಉಳಿದ ಮೂವತ್ತೊಂಬತ್ತು ರೈಫಲ್‌ಗಳು ಎಷ್ಟೋ ಜನರ ಹೆಗಲ ಮೇಲಿವೆ. ಯಾರೂ ಹೇಳದಿದ್ದರೂ ಅವನ್ನು ಒಂದೊಂದಾಗಿ ತರಿಸಿಕೊಂಡು ಬಿಚ್ಚತೊಡಗಿದ್ದಾರೆ. ಇಪ್ಪತ್ತೆಂಟು ಮುಗಿದಿವೆ, ಎರಡರಲ್ಲಿ ಮಸಿ ಕಟ್ಟಿತ್ತು. ಸಿಂದಗಿ ಕಡೆಗೆ ಬಂದೋಬಸ್ತಿಗೆ ಹೋದ ಹನ್ನೊಂದು ಇನ್ನೂ ವಾಪಸ್ಸು ಬಂದಿಲ್ಲ. ದಿನಕ್ಕೆ ಎರಡು ಸಲ ಫೋನ್ ಮಾಡಿ ಕೇಳುತ್ತಾರೆ.