ಬಸಣ್ಣನ ದನಿ

ಗ್ಯಾರೇಜ್ ಇರುವುದು ಓಡುವ ಕಾರಿಗಾಗಿ ಎಂದು ನಮ್ಮ ಮನೆಯಲ್ಲಿ ಯಾರೂ ನಂಬದಿದ್ದ ಕಾಲ ಅದು. ತೊಂಬತ್ತರ ದಶಕದ ನಡುವಿನ ವರ್ಷಗಳು, ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ನಮ್ಮ ಮನೆ. ಅಮ್ಮ ದಿನಾ ಕೆಲಸಕ್ಕೆ ಒಯ್ಯುವ ಕಾರು ಮಳೆ, ಹಿಮ, ಹಕ್ಕಿಯ ಹಿಕ್ಕೆ ಎಲ್ಲಕ್ಕೂ ಮೈಯೊಡ್ಡಿ ಹೊರಗೆ ನಿಂತಿರುತ್ತಿತ್ತು. ಒಳಗೆ ಬೆಚ್ಚಗೆ ಕೂತಿದ್ದದ್ದು ಒಂದಿಂಚೂ ಕದಲದ ಇನ್ನೊಂದು ಕಾರು. ಕೆಟ್ಟ ಕಾರನ್ನು ಮನೆಮುಂದೆ ನಿಲ್ಲಿಸಿದರೆ ಬಡಾವಣೆಯ ಸಂಘದವರು ತಕರಾರು ತೆಗೆಯುತ್ತಿದ್ದರು. ಅದಕ್ಕೇ ಈ ಏರ್ಪಾಡು. ‘ದುಡಿಯೋದು ಬೀದೀಲಿ, ಉಣ್ಣೋದು ಮನೇಲಿ’ ಎಂದು ಚಳಿಗಾಲದ ಬೆಳಿಗ್ಗೆ ಗಾಜಿನ ಮೇಲಿನ ಹಿಮ ಕೆರೆಯುತ್ತ ಅಮ್ಮ ಗೊಣಗುತ್ತಿದ್ದಳು.

ಒಳಗಿನದು ಅರವತ್ತರ ದಶಕದ ಕೊನೆಯ ಮಸಲ್ ಕಾರು. ಉದ್ದ ಮೂತಿ, ಎರಡೇ ಬಾಗಿಲು, ಎಂಟು ಸಿಲಿಂಡರಿನ ಎಂಜಿನ್. ನಾರ್ತ್ ಕ್ಯಾರೊಲಿನಾದ ರೈತ ಮಿಸ್ಟರ್ ಡಾಬ್ಸ್ ಅವರ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಕೋಳಿಗಳಿಗೆ ಮನೆಯಾಗಿದ್ದದ್ದನ್ನು ಅಪ್ಪ ಟ್ರೇಲರಿನ ಮೇಲೆ ಹೇರಿಕೊಂಡು ತಂದಿದ್ದ. ಸೀಟಿನೊಳಗೆ ಪುಕ್ಕ, ಡ್ಯಾಶ್‌ಬೋರ್ಡಿನೊಳಗೆ ಇಲಿಗೂಡು. ಅದು ಓಡಿದ ದಿನ ತಪ್ಪದೆ ಫೋನ್ ಮಾಡಬೇಕೆಂದು ಮುದುಕ ಡಾಬ್ಸ್ ಅಪ್ಪನಿಂದ ಮಾತು ತೆಗೆದುಕೊಂಡಿದ್ದರು.

ಅಪ್ಪ ಧಾರವಾಡದವನು, ಸೇತುವೆಗಳ ಎಂಜಿನಿಯರ್. ಓದಲೆಂದು ಮೊದಲು ಸೌತ್ ಕ್ಯಾರೊಲಿನಾಕ್ಕೆ ಬಂದಾಗ ಅವನ ಬಾಡಿಗೆ ಕೋಣೆಯ ಮುಂದೆ ದಿನಾ ಬೆಳಿಗ್ಗೆ ಇಂಥದೊಂದು ಕಾರು ಹಾದುಹೋಗುತ್ತಿತ್ತಂತೆ. ಕಿಟಕಿಯ ಗಾಜು ನಡುಗುತ್ತಿತ್ತಂತೆ. ಊರಲ್ಲಿ ಗುರುತಿನವರು ಒಬ್ಬರೂ ಇರಲಿಲ್ಲ, ತಪ್ಪದೆ ಎಬ್ಬಿಸಲು ಬರುತ್ತಿದ್ದದ್ದು ಆ ದನಿ ಒಂದೇ. ಸಂಗೀತದ ಗಂಧವಿಲ್ಲದ ನನ್ನಪ್ಪ ಆ ಗುಡುಗುಡು ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಿದ್ದ, ಎಂಜಲು ಹಾರುತ್ತಿತ್ತು.

“ಒಮ್ಮೆ ಆ ದನಿ ನಮ್ಮ ಮನ್ಯಾಗ ಕೇಳಬೇಕು ನೋಡು, ಶಾಲೂ. ಆಮ್ಯಾಲೆ ಬೇಕಾದ್ರ ಮಾರಿಬಿಡ್ತೀನಿ,” ಎಂದು ನನಗೆ ಹೇಳುತ್ತಿದ್ದ.

“ಮೊದಲು ಓಡ್ಲಿ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ,” ಎನ್ನುತ್ತಿದ್ದಳು ಅಮ್ಮ. ಅವಳು ಮೈಸೂರಿನವಳು. ಅಪ್ಪನ ಕನಸುಗಳಿಗೆಲ್ಲ ಅವಳ ಹತ್ತಿರ ಒಂದೊಂದು ಗಾದೆ ಇತ್ತು.

ಎರಡು ಬೇಸಿಗೆ ಆ ಕೆಲಸ ನಡೆಯಿತು. ನಾನು ಹೇಳಹೊರಟಿರುವುದು ಎರಡನೆಯದರ ಕತೆ, ಧಾರವಾಡದಿಂದ ಅಜ್ಜಿ ಬಂದಿದ್ದ ಬೇಸಿಗೆಯದು. ನನಗಾಗ ಹನ್ನೊಂದು. ಅಜ್ಜಿ ಸೂಟ್‌ಕೇಸಿನ ತುಂಬ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ತುಂಬಿಕೊಂಡು ಬಂದವಳು, ಬಂದ ದಿನವೇ ಗ್ಯಾರೇಜಿಗೆ ಇಣುಕಿದಳು. ಬಣ್ಣ ಕೆರೆದ ಮೈ, ಎಂಜಿನ್ ಇಲ್ಲದ ಹೊಟ್ಟೆ.

“ಏನೋ ಇದು, ಗುಜರಿ ಮನಿಯೊಳಗ ತಂದಿಟ್ಕೊಂಡು ಕೂತೀಯಲ್ಲ?”

“ಇದರಾಗ ಇನ್ನೂ ಜೀವ ಅದ, ಅವ್ವಾ.”

ಅಜ್ಜಿ ಸೆರಗು ಮೂಗಿಗೆ ಹಿಡಿದು ಒಳಗೆ ಹೋದಳು. ಆದರೆ ಕೆಲಸವಿಲ್ಲದೆ ಕೂರುವ ಜನ್ಮ ಅವಳದಲ್ಲ. ವಾರ ಕಳೆಯುವುದರೊಳಗೆ ಮುಂದಿನ ಬಂಪರಿನ ಎದುರು ಮಣೆ ಹಾಕಿಕೊಂಡು ಕೂತಿದ್ದಳು, ಕೈಯಲ್ಲಿ ನೆನೆಸಿದ ಹುಣಸೆಹಣ್ಣು. ದೇವರ ಪಾತ್ರೆ ತಿಕ್ಕುವ ಹಾಗೇ ತಿಕ್ಕಿದಳು. ತುಕ್ಕಿನ ಚುಕ್ಕೆಗಳು ಹೋಗಿ ಅದರಲ್ಲಿ ಅವಳ ಮುಖವೇ ಕಾಣತೊಡಗಿತು. ಅಂದಿನಿಂದ ಕಾರು ಅವಳ ಬಾಯಲ್ಲಿ ‘ಬಸಣ್ಣ’ ಆಯಿತು. ಊರಿನ ಗೂಳಿಗೂ ಇದೇ ಹೆಸರಂತೆ, ಹೀಗೇ ಮೂತಿ ಉದ್ದ ಮಾಡಿಕೊಂಡು ಯಾರ ಮಾತೂ ಕೇಳದೆ ಮಲಗಿರುತ್ತಿತ್ತಂತೆ.

ನನ್ನ ಖಾತೆ ನಟ್ಟು ಬೋಲ್ಟುಗಳದು. ಅಮ್ಮನ ಹಳೆಯ ಇಡ್ಲಿ ಸ್ಟ್ಯಾಂಡ್ ಅದಕ್ಕೆಂದೇ ಮೀಸಲಾಗಿತ್ತು. ಬಿಚ್ಚಿದ ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದು ಭಾಗದ್ದನ್ನು ಒಂದೊಂದು ಗುಳಿಯಲ್ಲಿ ಇಡಬೇಕು. ಮೇಲಿನ ತಟ್ಟೆ ಕಾರ್ಬ್ಯುರೇಟರಿನದು, ಕೆಳಗಿನದು ನೀರಿನ ಪಂಪಿನದು. ಅಪ್ಪ ಕಾರಿನ ಅಡಿಯಿಂದ “ಎರಡನೇ ತಟ್ಟಿ, ಮೂಲಿ ಇಡ್ಲಿ” ಎಂದು ಕೂಗಿದರೆ ನಾನು ಆ ಬೋಲ್ಟನ್ನು ಅವನ ಅಂಗೈಗೆ ಹಾಕುತ್ತಿದ್ದೆ. ಅವನು ಊಟಕ್ಕೆ ಎದ್ದಾಗ ಕಾರಿನಡಿ ಜಾರಲು ಅವನು ಮಲಗುತ್ತಿದ್ದ ಗಾಲಿ ಹಲಗೆ ನನ್ನದು. ಅದರ ಮೇಲೆ ಬೋರಲು ಮಲಗಿ ಡ್ರೈವ್‌ವೇ ಇಳಿಜಾರಿನಲ್ಲಿ ಜಾರಿ, ಎದುರುಮನೆಯ ಅಂಚೆಪೆಟ್ಟಿಗೆಗೆ ಹೋಗಿ ಗುದ್ದುತ್ತಿದ್ದೆ. ಅವನು ಊಟಕ್ಕೆ ಏಳುತ್ತಿದ್ದದ್ದೂ ಅಪರೂಪವೇ. ಅಜ್ಜಿ ರೊಟ್ಟಿಯಲ್ಲಿ ಎಣ್ಣೆಗಾಯಿ ಸುತ್ತಿ, ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ತಲೆ ಹೊರಗೆ ಚಾಚಿದ ಅವನ ಬಾಯಿಗೆ ತುತ್ತು ಕೊಡುತ್ತಿದ್ದಳು. ಗ್ರೀಸಿನ ವಾಸನೆ, ಬೆಳ್ಳುಳ್ಳಿಯ ವಾಸನೆ, ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರಿನ ಘಾಟು ಮೂರೂ ಕಲೆತ ಗಾಳಿಯನ್ನು ಕುಡಿದು ನಾನು ಆ ವರ್ಷ ಬೆಳೆದೆ.

ಎಂಜಿನ್ ಒಳಗೆ ಕೂರಿಸಿದ ಮೇಲೆ ಅಪ್ಪ ನನಗೊಂದು ಪಾಠ ಹೇಳಿದ. ಹೊಸದಾಗಿ ಜೋಡಿಸಿದ ಇಂಥ ಎಂಜಿನ್ನನ್ನು ಮೊದಲ ಸಲ ಚಾಲೂ ಮಾಡಿದಾಗ ಇಪ್ಪತ್ತು ನಿಮಿಷ ಆರಿಸಬಾರದು, ಕಾರು ನಿಂತಲ್ಲೇ ಎಂಜಿನ್ ಜೋರಾಗಿ ಓಡಿಸಬೇಕು. ಒಳಗಿನ ಲೋಹಕ್ಕೆ ಲೋಹ ಹೊಂದಿಕೊಳ್ಳುವುದು ಆ ಹೊತ್ತಿನಲ್ಲಿ.

“ಇಪ್ಪತ್ತು ನಿಮಿಷ ಇಡೀ ಕೊಲಂಬಿಯಾಕ್ಕ ಕೇಳ್ತದ,” ಅಂದ. ಅವನ ಕಣ್ಣು ಆಗಲೇ ಕೇಳುತ್ತಿರುವವನ ಕಣ್ಣಾಗಿತ್ತು.

ಶಾಲೆ ಶುರುವಾಗಿ ಕೆಲವು ದಿನ ಕಳೆದಿದ್ದವು. ಒಂದು ಶನಿವಾರ ಬೆಳಿಗ್ಗೆ ಎಲ್ಲವೂ ಮುಗಿಯಿತು. ಕಡುನೀಲಿ ಬಣ್ಣ, ಎಣ್ಣೆ, ನೀರು, ಬ್ಯಾಟರಿ, ಪೆಟ್ರೋಲ್. ಇಡ್ಲಿ ಸ್ಟ್ಯಾಂಡಿನ ಗುಳಿಗಳೆಲ್ಲ ಬರಿದಾಗಿದ್ದವು. ಅಪ್ಪ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದು ಸೀಟಿನಲ್ಲಿ ಕೂತ. ಕೀಲಿ ಹಾಕಿದ. ನಾನು ಕಿವಿ ಮುಚ್ಚಿಕೊಂಡೆ.

“ಇವತ್ತ ಬ್ಯಾಡೋ,” ಅಂದಳು ಬಾಗಿಲಲ್ಲಿ ನಿಂತಿದ್ದ ಅಜ್ಜಿ. “ಪಕ್ಷಮಾಸ ಸುರು ಆಗೇದ. ಹಿರೇರ ದಿನಾ ಇವು, ಹೊಸಾದೇನೂ ಸುರು ಮಾಡಬಾರದು.”

ಪಿತೃಪಕ್ಷವನ್ನು ಅವಳು ಪಕ್ಷಮಾಸ ಎನ್ನುತ್ತಿದ್ದಳು.

“ಇದು ಮೂವತ್ತು ವರ್ಷದ ಹಳೇ ಕಾರು, ಅವ್ವಾ. ಹೊಸಾದು ಹೆಂಗಾಗ್ತದ?”

“ಎಂಜಿನ್ ಹೊಸಾದು ಅಂತ ನೀನ ಹೇಳಿದ್ದಿ. ಮುಹೂರ್ತ ನೋಡಿ ಮಾಡಿದ್ರ ನಿನಗ ಛಲೋ ಅಂತ ಹೇಳ್ತೀನಪಾ.”

ಅಪ್ಪ ಅಮ್ಮನ ಕಡೆ ನೋಡಿದ, ಅವಳು ತನ್ನ ಪರ ಮಾತಾಡಲಿ ಎಂದು. ಅಮ್ಮನಿಗೋ ಆ ಕ್ಷಣವೇ ಹಬ್ಬದ ಹುರುಪು ಬಂದುಬಿಟ್ಟಿತ್ತು.

“ಮೂರು ವಾರ ತಾನೆ ರೀ. ಆಯುಧಪೂಜೆ ದಿನ ಸ್ಟಾರ್ಟ್ ಮಾಡಿ. ಎಲ್ಲಾರನ್ನೂ ಇನ್ವೈಟ್ ಮಾಡೋಣ, ಕೇಸರಿಬಾತ್ ಮಾಡ್ತೀನಿ.”

“ಬಟ್ ಅಪ್ಪ, ಯು ಸೆಡ್ ಟುಡೇ,” ಅಂದೆ ನಾನು. ಅಳು ಬಂದಿತ್ತು.

ಅಪ್ಪ ಸ್ಟಿಯರಿಂಗನ್ನು ಒಮ್ಮೆ ಸವರಿದ. ಆಮೇಲೆ ನಕ್ಕ. “ಎರಡು ಬೇಸಗಿ ಕಾದೀವಿ, ಮೂರ ವಾರ ಏನ ಮಹಾ?” ಎಂದು ಕೀಲಿ ತೆಗೆದು ನನ್ನ ಕೈಗಿಟ್ಟ. “ನಿನ್ನ ಹತ್ರನ ಇಟ್ಕೊ. ಇಲ್ಲಾಂದ್ರ ನಾನ ಕದ್ದು ಚಾಲೂ ಮಾಡಿಬಿಟ್ಟೇನು.”

ಕೀಲಿ ನನ್ನ ಪೆನ್ಸಿಲ್ ಡಬ್ಬಿ ಸೇರಿತು.

ಆಮೇಲಿನ ದಿನಗಳಲ್ಲಿ ಅಪ್ಪನೇ ಎಲ್ಲರಿಗಿಂತ ಉಮೇದಿನಲ್ಲಿದ್ದ. ಗೆಳೆಯರಿಗೆಲ್ಲ ಫೋನ್ ಮಾಡಿ ಕರೆದ. ಹೊಲವೊಂದಕ್ಕೆ ಹೋಗಿ, ಪೂಜೆಯ ದಿನ ಕುಂಕುಮ ತುಂಬಿ ಒಡೆಯಲು ಬೂದುಗುಂಬಳದ ಬದಲಿಗೆ ಇಲ್ಲಿಯ ಕೆಂಪು ಪಂಪ್ಕಿನ್ ತಂದು ಗ್ಯಾರೇಜಿನ ಮೆಟ್ಟಿಲ ಮೇಲಿಟ್ಟ. ಅಜ್ಜನ ತಿಥಿಯ ದಿನ ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ ಕಾಗೆಗೆಂದು ಅನ್ನ ಇಟ್ಟರೆ ಅಳಿಲೊಂದು ಬಂದು ತಿಂದುಹೋಯಿತು. “ಅಪ್ಪಗ ಕಾಗಿ ವೀಸಾ ಸಿಕ್ಕಿಲ್ಲ ಕಾಣಸ್ತದ,” ಅಂದ ಅಪ್ಪ. ಅಜ್ಜಿಗೂ ನಗು ತಡೆಯಲಾಗಲಿಲ್ಲ. ಅದು ಅಪ್ಪ ನಮ್ಮನ್ನೆಲ್ಲ ಒಟ್ಟಿಗೆ ನಗಿಸಿದ ಕೊನೆಯ ಸಲ.

ಎರಡು ದಿನ ಬಿಟ್ಟು, ಮಧ್ಯಾಹ್ನ, ಆಫೀಸಿನ ಕುರ್ಚಿಯಲ್ಲಿ ಕೂತಲ್ಲೇ ಅವನ ಎದೆಬಡಿತ ನಿಂತುಹೋಯಿತು. ನನ್ನನ್ನು ಗಣಿತದ ಕ್ಲಾಸಿನಿಂದ ಕರೆದರು. ಕಾರಿಡಾರಿನಲ್ಲಿ ಅಮ್ಮ ಒಂದೇ ಕಿವಿಗೆ ಓಲೆ ಹಾಕಿಕೊಂಡು ನಿಂತಿದ್ದಳು, ಇನ್ನೊಂದು ಎಲ್ಲಿ ಬಿತ್ತೋ ಅವಳಿಗೇ ಗೊತ್ತಿರಲಿಲ್ಲ. ಪಕ್ಷಮಾಸ ಇನ್ನೂ ಮುಗಿದಿರಲಿಲ್ಲ.

ಸೂತಕದ ಮನೆಯಲ್ಲಿ ಆ ವರ್ಷ ಯಾವ ಹಬ್ಬವೂ ಇಲ್ಲ. ಆಯುಧಪೂಜೆಯ ದಿನ ಗ್ಯಾರೇಜಿನ ದೀಪ ಕೂಡ ಹಾಕಲಿಲ್ಲ. ಮೆಟ್ಟಿಲ ಮೇಲಿನ ಪಂಪ್ಕಿನ್ ಅಲ್ಲೇ ಮೆತ್ತಗಾಗುತ್ತ ಹೋಯಿತು. ಹ್ಯಾಲೋವೀನ್ ಸಂಜೆ ವೇಷ ಹಾಕಿದ ಮಕ್ಕಳು ಅದನ್ನು ನೋಡಿ ನಮ್ಮ ಮನೆಯಲ್ಲೂ ಹಬ್ಬವಿದೆ ಎಂದುಕೊಂಡು ಬಾಗಿಲು ತಟ್ಟಿದರು. ಅಜ್ಜಿ ಬಾಗಿಲು ತೆಗೆದು, ಏನೂ ತಿಳಿಯದೆ, ಒಬ್ಬೊಬ್ಬರ ಕೈಗೂ ಒಂದೊಂದು ಬೆಲ್ಲದ ಚೂರು ಕೊಟ್ಟಳು.

ಅವಳು ಊರಿಗೆ ಹೊರಡುವ ಹಿಂದಿನ ದಿನ ನಾನು ಅವಳನ್ನು ಕಾರಿನ ಪಕ್ಕ ಕಂಡೆ. ಬಂಪರಿಗೆ ಕೈಯೂರಿ ನೆಲದ ಮೇಲೆ ಕೂತಿದ್ದಳು. ಅಮ್ಮ ಅವಳ ಪಕ್ಕ ಕೂತಿದ್ದಳು.

“ನಾ ಬ್ಯಾಡ ಅನ್ನಲಿಲ್ಲಾಂದ್ರ ಅಂವಾ ಅದರ ದನಿ ಕೇಳಿರ್ತಿದ್ದ, ವಸುಧಾ. ಅಷ್ಟ ಬೇಕಾಗಿತ್ತು ಅವಗ. ಮತ್ತೇನೂ ಕೇಳಿರಲಿಲ್ಲ ನನ್ನ ಮಗಾ.”

“ಮೂರು ವಾರ ತಾನೆ ಅಂದೋಳು ನಾನು, ಅತ್ತೆ.”

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಯಾರ ಮೇಲೆ ಸಿಟ್ಟು ಮಾಡಬೇಕೋ ನನಗೆ ತಿಳಿಯಲಿಲ್ಲ. ಅಜ್ಜಿ ಅವನಿಗೆ ಒಳ್ಳೆಯದಾಗಲಿ ಎಂದೇ ಬೇಡ ಅಂದದ್ದು. ಹಾಗೆ ಅಂದುಕೊಂಡರೂ ಸಿಟ್ಟು ಹೋಗಲಿಲ್ಲ, ಇವತ್ತಿಗೂ ಪೂರ್ತಿ ಹೋಗಿಲ್ಲ. ಅಜ್ಜಿಯ ಮೇಲಲ್ಲ ಅದು. ಒಬ್ಬ ಮನುಷ್ಯನ ಒಂದೇ ಒಂದು ಆಸೆಗೆ ಅಡ್ಡ ನಿಂತ ಆ ಪಂಚಾಂಗದ ಮೇಲೆ.

ಮಾರನೆಯ ವರ್ಷ, ವರ್ಷಾಂತಿಕ ಮುಗಿದ ಮೇಲೆ, ಅಮ್ಮನಿಗೆ ಅಟ್ಲಾಂಟಾದಲ್ಲಿ ಕೆಲಸ ಸಿಕ್ಕಿತು. ಮನೆ ಖಾಲಿ ಮಾಡಬೇಕು. ಅವಳು ಮಿಸ್ಟರ್ ಡಾಬ್ಸ್‌ಗೆ ಫೋನ್ ಮಾಡಿ, ಕಾರನ್ನು ವಾಪಸು ತೆಗೆದುಕೊಳ್ಳುತ್ತೀರಾ ಎಂದು ಕೇಳಿದಳು. ಒಂದು ಭಾನುವಾರ ಮುದುಕ ಟ್ರೇಲರಿನೊಂದಿಗೆ ಬಂದರು. ಎಂಜಿನ್ ಒಮ್ಮೆಯೂ ಚಾಲೂ ಆಗಿಲ್ಲವೆಂದು ಅಮ್ಮ ಹೇಳಿದಾಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಸತ್ತ ಸರಕಿನ ಹಾಗೆ ಇದನ್ನು ಎಳೆದೊಯ್ಯಲಾರೆ, ಮೊದಲು ಇಲ್ಲೇ, ಇದನ್ನು ಕಟ್ಟಿದವನ ಮನೆಯಲ್ಲೇ ಚಾಲೂ ಮಾಡೋಣ ಎಂದರು. ಹೊಸ ಬ್ಯಾಟರಿ, ಹೊಸ ಪೆಟ್ರೋಲ್ ಹಾಕಿ, ಬಾನೆಟ್ ಎತ್ತಿ ಬೆಳಿಗ್ಗೆಯೆಲ್ಲ ಪರೀಕ್ಷೆ ಮಾಡಿದರು. ಆಮೇಲೆ ಕೀಲಿ ಕೇಳಿದರು.

ನಾನು ಪೆನ್ಸಿಲ್ ಡಬ್ಬಿ ತಂದೆ. ಅವರು ಕೀಲಿ ತೆಗೆದುಕೊಳ್ಳಲಿಲ್ಲ, ನನ್ನನ್ನೇ ಸೀಟಿನಲ್ಲಿ ಕೂರಿಸಿದರು.

ಅಷ್ಟರಲ್ಲಿ ಅಮ್ಮ ಅಡುಗೆಮನೆಯ ಫೋನಿನಲ್ಲಿ ಧಾರವಾಡಕ್ಕೆ ಕರೆ ಮಾಡಿದ್ದಳು. ಸುರುಳಿ ವಯರನ್ನು ಎಳೆಯುವಷ್ಟು ಎಳೆದು ಗ್ಯಾರೇಜಿನ ಬಾಗಿಲವರೆಗೆ ತಂದು, “ಅತ್ತೆ, ಹಾಗೇ ಹಿಡ್ಕೊಂಡಿರಿ” ಎಂದು ರಿಸೀವರನ್ನು ಕಾರಿನತ್ತ ಚಾಚಿದಳು.

ನಾನು ಕೀಲಿ ತಿರುಗಿಸಿದೆ. ಎರಡು ಸಲ ಕೆಮ್ಮಿತು. ಮೂರನೆಯ ಸಲಕ್ಕೆ ಬಸಣ್ಣ ಎದ್ದ.

ಅಪ್ಪ ಬಾಯಲ್ಲಿ ಮಾಡಿ ತೋರಿಸುತ್ತಿದ್ದದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಸದ್ದು ಸೀಟಿನಿಂದ ಬೆನ್ನಿಗೆ, ಬೆನ್ನಿನಿಂದ ಹಲ್ಲಿಗೆ ಬಂತು. ಕಪಾಟಿನ ಮೇಲಿದ್ದ ಇಡ್ಲಿ ಸ್ಟ್ಯಾಂಡ್ ತಟತಟನೆ ನಡುಗಿತು. ಮಿಸ್ಟರ್ ಡಾಬ್ಸ್ ಆರಿಸಬೇಡ ಎಂದು ಕೈಸನ್ನೆ ಮಾಡಿದರು. ಅದು ನನಗೆ ಗೊತ್ತಿತ್ತು, ಅಪ್ಪ ಹೇಳಿಕೊಟ್ಟಿದ್ದ. ಇಪ್ಪತ್ತು ನಿಮಿಷ ನಾನು ಆ ಪೆಡಲನ್ನು ಅದುಮಿಕೊಂಡೇ ಕೂತು ಅತ್ತೆ. ನೆರೆಯವರು ಹೊರಗೆ ಬಂದರು, ಯಾರೂ ತಕರಾರು ತೆಗೆಯಲಿಲ್ಲ. ಇಪ್ಪತ್ತು ನಿಮಿಷವೂ ಅಮ್ಮ ರಿಸೀವರ್ ಚಾಚಿಕೊಂಡೇ ನಿಂತಿದ್ದಳು.

ಆರಿಸಿದ ಮೇಲೆ ಕಿವಿಯಲ್ಲಿ ಬರೀ ಗುಂಯ್ ಎನ್ನುತ್ತಿತ್ತು. ಅಮ್ಮ ಫೋನನ್ನು ನನ್ನ ಕೈಗೆ ಕೊಟ್ಟಳು.

“ಇಷ್ಟ ದೊಡ್ಡ ದನಿ ಇತ್ತೇನ ಅದರದು?” ಅಂದಳು ಅಜ್ಜಿ. “ಇಷ್ಟ ದೊಡ್ಡ ದನಿ ಮುಚ್ಚಿ ಇಟ್ಟಿದ್ದೆನಲ್ಲ, ಶಾಲೂ, ನಾನು.”

ಅದಾದ ಮೇಲೆ ಅವಳು ಬದುಕಿದಷ್ಟು ದಿನವೂ ಫೋನಿನಲ್ಲಿ ಬಸಣ್ಣನ ಸುದ್ದಿ ಎತ್ತಲಿಲ್ಲ.

ಈಗ ನಾನು ಅಟ್ಲಾಂಟಾ ಪಕ್ಕದ ಅಲ್ಫರೆಟಾದಲ್ಲಿದ್ದೇನೆ. ನಮ್ಮ ಗ್ಯಾರೇಜಿನಲ್ಲಿರುವುದು ಕರೆಂಟಿನಿಂದ ಓಡುವ ಕಾರು, ಬಂದದ್ದೂ ತಿಳಿಯುವುದಿಲ್ಲ ಹೋದದ್ದೂ ತಿಳಿಯುವುದಿಲ್ಲ. ಬೋಲ್ಟು ಬಿಚ್ಚುವ ಕೆಲಸ ಯಾರಿಗೂ ಇಲ್ಲ, ಗ್ರೀಸಿನ ಕೈಯವನಿಗೆ ತುತ್ತು ಕೊಡುವ ಕೆಲಸವೂ ಇಲ್ಲ. ಪಕ್ಷಮಾಸದಲ್ಲಿ ನಾನು ಬೇಕೆಂದೇ ಹೊಸದನ್ನು ಶುರು ಮಾಡುತ್ತೇನೆ. ಈ ಮನೆಗೆ ಹಾಲುಕ್ಕಿಸಿ ಬಂದದ್ದೂ ಆ ದಿನಗಳಲ್ಲೇ. ಅಮ್ಮ ಬೇಡ ಅನ್ನಲಿಲ್ಲ, ಕೇಸರಿಬಾತ್ ಮಾಡಿದಳು.

ಅಪ್ಪನ ದನಿ ನಮ್ಮಲ್ಲಿ ಯಾವ ಟೇಪಿನಲ್ಲೂ ಉಳಿದಿಲ್ಲ. ಕೆಲವು ವರ್ಷಗಳ ಹಿಂದಿನವರೆಗೆ ಕಣ್ಣು ಮುಚ್ಚಿದರೆ “ಎರಡನೇ ತಟ್ಟಿ, ಮೂಲಿ ಇಡ್ಲಿ” ಎಂದು ಕೇಳಿಸುತ್ತಿತ್ತು. ಈಗ ಮಾತು ಮಾತ್ರ ನೆನಪಿದೆ, ದನಿ ಹೋಗಿದೆ. ಎಷ್ಟು ಪ್ರಯತ್ನಪಟ್ಟರೂ ಬರುವುದು ಬಸಣ್ಣನ ದನಿ ಒಂದೇ. ಅದನ್ನು ಕೇಳಬೇಕಾಗಿದ್ದವನು ಅಪ್ಪ, ಕೇಳಿದವಳು ನಾನು.