ಗಡಿಯಾರವಿದ್ದ ಕಂಪ್ಯೂಟರ್

ಡಾಸ್ ಬೇಕೋ, ಸಿಪಿಎಂ ಬೇಕೋ ಎಂದು ಕೇಳಿದವರು ಬೆಳಗಾವಿಯ ಸದಾಶಿವನಗರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಮಾಸ್ತರರು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅವರ ಹಿಂದಿನ ಕೋಣೆಯಲ್ಲಿ ಎರಡು ಹಳೆಯ ಯಂತ್ರಗಳು ಬಿದ್ದಿದ್ದವು. ಯಾವುದೋ ಒಂದನ್ನು ಸ್ವಲ್ಪ ದಿನ ಒಯ್ದುಕೋ ಎಂದಿದ್ದರು. ಕಂಪ್ಯೂಟರ್ ಹಚ್ಚಿದೊಡನೆ ಪರದೆ, ಫ್ಲಾಪಿ, ಕೀಲಿಮಣೆ ಎಲ್ಲವನ್ನೂ ಹತೋಟಿಗೆ ತೆಗೆದುಕೊಳ್ಳುವ ಮೂಲ ಪ್ರೋಗ್ರಾಂ ಒಂದಿರುತ್ತದಲ್ಲ, ಇವೆರಡೂ ಅಂಥವು. ಒಂದಕ್ಕೆ ಬರೆದದ್ದು ಇನ್ನೊಂದರಲ್ಲಿ ನಡೆಯದು.

“ಸಿಪಿಎಂ ಒಯ್ಯೋ. ಮುದುಕಗ ಮುದಿ ಮಷೀನು, ಜೋಡಿ ಛಲೋ ಆಗತೈತಿ,” ಎಂದರು ಮಾಸ್ತರರು.

“ಅದರಾಗ ಗಡಿಯಾರ ಐತೇನ್ರಿ ಸರ್?”

“ಎಲ್ಲೀದೋ. ಟೈಮ್ ಬೇಕಂದ್ರ ಕೈಯಾಗ ವಾಚ್ ಕಟಗೋ.”

“ಹಂಗಾರ ಡಾಸ್ ಕೊಡ್ರಿ. ನನ್ನ ಕೆಲಸ ಎಲ್ಲಾ ಟೈಮಿನ ಮ್ಯಾಲೆ ಐತಿ.”

“ಎರಡು ಪುಸ್ತಕ ಓದಿ ಭಾಳ ಶಾಣ್ಯಾ ಆಗ್ಯಾನ ನೋಡ್ರಿ ಇಂವಾ!”

ಮಾಸ್ತರರು ಮುದುಕ ಎಂದದ್ದು ಖಾನಾಪುರದ ಚಾಚಾನನ್ನು. ಲೋಂಡಾ ಸ್ಟೇಷನ್ನಿನಲ್ಲಿ ತಂತಿ ಬಡಿದು ನಿವೃತ್ತರಾದವರು. ಮನೆಯ ಪಡಸಾಲೆಯಲ್ಲಿ ಹವ್ಯಾಸಿ ರೇಡಿಯೋ ಕೇಂದ್ರ ಇಟ್ಟಿದ್ದರು. ನನಗೆ ಮೋರ್ಸ್ ಕಲಿಸಿದವರು ಅವರೇ, ಆದರೆ ರೇಡಿಯೋದಲ್ಲಿ ಕಳಿಸುವ ಲೈಸೆನ್ಸ್ ನನಗಿನ್ನೂ ಸಿಕ್ಕಿರಲಿಲ್ಲ. ಬೇರೆ ಬೇರೆ ಊರುಗಳ ಆರು ಜನ ಗೆಳೆಯರು ದಿನಾ ಮುಂಜಾನೆ ಏಳಕ್ಕೆ ಮೋರ್ಸಿನಲ್ಲಿ ಸೇರುತ್ತಿದ್ದರು, ಚಾಚಾ ಏಳನೆಯವರು. ಮೋರ್ಸ್ ಎಂದರೆ ಬರೀ ಚುಕ್ಕೆ, ಗೆರೆಗಳ ಸದ್ದು. ಆದರೂ ಕೈಬರಹದ ಹಾಗೆ ಒಬ್ಬೊಬ್ಬರದೂ ಬೇರೆ. ತಮ್ಮ ಕರೆಗುರುತಿನ, ಎಂದರೆ ಲೈಸೆನ್ಸಿನ ಜೊತೆ ಸಿಗುವ ಹೆಸರಿನ, ಕೊನೆಯ ಗೆರೆಯನ್ನು ಚಾಚಾ ತುಸು ಎಳೆಯುತ್ತಿದ್ದರು. ಅದು ಕೇಳಿದೊಡನೆ ಇಂಥವರೇ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಆ ಮಳೆಗಾಲದಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಎಡಗೈ ನಡುಗುತ್ತಿತ್ತು, ಅದರಲ್ಲಿ ಮೋರ್ಸ್ ಬಡಿಯಲಾಗದು. ಗೆಳೆಯರು ಮುಂಜಾನೆ ಕರೆಯುತ್ತಿದ್ದರು, ಇವರು ರಿಸೀವರಿನ ಮುಂದೆ ಕೂತು ಕೇಳುತ್ತಿದ್ದರು. ಗೆಳೆಯರಿಗೆ ಕಾಗದ ಬರೆದು ತಿಳಿಸಲೇ ಎಂದು ನಾನು ಕೇಳಿದರೆ ಬೇಡವೆಂದು ತಲೆ ಅಲ್ಲಾಡಿಸಿದರು. ಪಾಟಿಯ ಮೇಲೆ ಬಳಪ ಹಿಡಿದ ಎಡಗೈಯಿಂದ ಸೊಟ್ಟಗೆ ಬರೆದರು: ನಾನೇ ಹೇಳ್ತೇನಿ.

“ಅದೊಂದ ಆಶಾ ಉಳದದ ಬೇಟಾ ಅವರಿಗೆ,” ಎಂದರು ಚಾಚಿ.

ಕಂಪ್ಯೂಟರಿನಿಂದ ಮೋರ್ಸ್ ಕಳಿಸಿದರಾಯಿತು ಎಂದು ಹೊಳೆದದ್ದು ನನಗೆ. ಒಂದು ಬೆರಳಿನಿಂದ ಅಕ್ಷರ ಒತ್ತಿದರೆ ಸಾಕು, ಚುಕ್ಕೆ ಗೆರೆ ಅದೇ ಬಡಿಯುತ್ತದೆ. ಡಾಸ್ ಯಂತ್ರವನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದೆ. ವೈರು ಎಳೆದು ಚಾಚಾನ ರೇಡಿಯೋಗೆ ಜೋಡಿಸಿ, ಪ್ರೋಗ್ರಾಂ ನಾನೇ ಬರೆದೆ. ಎಷ್ಟು ಹೊತ್ತು ಸದ್ದು, ಎಷ್ಟು ಹೊತ್ತು ಮೌನ, ಎಲ್ಲವನ್ನೂ ಡಾಸಿನ ಗಡಿಯಾರ ನೋಡಿ ಅಳೆಯುವಂತೆ ಮಾಡಿದೆ.

ಮೊದಲ ಸಲ ಕೇಳಿಸಿದಾಗ ಚಾಚಾ ಹುಬ್ಬು ಗಂಟಿಕ್ಕಿದರು. ಪಾಟಿಯ ಮೇಲೆ ಬರೆದರು: ಕುಂಟತೈತಿ.

“ಕುಂಟಿದರೇನಾತ್ರಿ ಚಾಚಾ? ಅಕ್ಷರ ಒಂದೂ ತಪ್ಪಿಲ್ಲಲ್ಲ,” ಎಂದೆ ನಾನು, ಜಂಬದಿಂದ.

ಅದು ಕುಂಟುತ್ತಿದ್ದುದು ಖರೆ. ಡಾಸಿನ ಗಡಿಯಾರ ಸೆಕೆಂಡಿಗೆ ಸುಮಾರು ಹದಿನೆಂಟು ಸಲ ಮಾತ್ರ ಮುಂದೆ ಸರಿಯುತ್ತದೆ. ಅದರ ಎರಡು ಹೆಜ್ಜೆಗಳ ನಡುವೆ ಮುಗಿಯಬೇಕಾದ ಚುಕ್ಕೆ ಒಮ್ಮೆ ಗಿಡ್ಡ, ಒಮ್ಮೆ ಉದ್ದ ಆಗುತ್ತಿತ್ತು. ಗಡಿಯಾರವಿಲ್ಲದ ಸಿಪಿಎಂ ಯಂತ್ರದಲ್ಲಾಗಿದ್ದರೆ ಪ್ರೋಗ್ರಾಂ ಒಂದು, ಎರಡು ಎಂದು ತಾನೇ ಎಣಿಸಿ ಹೊತ್ತು ಅಳೆಯಬೇಕಿತ್ತು, ಪ್ರತಿ ಚುಕ್ಕೆ ಒಂದೇ ಸಮ ಬರುತ್ತಿತ್ತು. ಆ ಕೊನೆಯ ಗೆರೆಯನ್ನೂ ಬೇಕಾದಷ್ಟು ಎಳೆಯಬಹುದಿತ್ತು. ಇದೆಲ್ಲ ತಿಳಿದದ್ದು ಆಮೇಲೆ.

ಭಾನುವಾರ ಮುಂಜಾನೆ ಚಾಚಿ ಅವರಿಗೆ ಹೊಸ ಅಂಗಿ ತೊಡಿಸಿ ಕೂರಿಸಿದರು. ಏಳಕ್ಕೆ ಚಾಚಾ ತಮ್ಮ ಕರೆಗುರುತು ಒತ್ತಿದರು. ಅದು ಹೋಯಿತು. ಗಾಳಿಯಲ್ಲಿ ಮೌನ. ಮತ್ತೆ ಒತ್ತಿದರು. ಆಗ ಗುಂಪು ನಡೆಸುತ್ತಿದ್ದ ಹಿರಿಯರು ಉಳಿದವರಿಗೆ ಬಡಿದದ್ದನ್ನು ನಾನು ಅಕ್ಷರ ಅಕ್ಷರವಾಗಿ ಬರೆದುಕೊಂಡೆ. ಈ ಕೈ ಅವರದಲ್ಲ, ಯಾವನೋ ಅವರ ಕರೆಗುರುತು ಕದ್ದಿದ್ದಾನೆ, ಯಾರೂ ಉತ್ತರ ಕೊಡಬೇಡಿ. ಕಳ್ಳ ಕೇಂದ್ರಕ್ಕೆ ಉತ್ತರಿಸಬಾರದು ಎನ್ನುವುದು ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ, ಕಟ್ಟುನಿಟ್ಟು. ಚಾಚಾ ನನಗೂ ಅದನ್ನೇ ಕಲಿಸಿದ್ದರು.

ನಾನೇ, ಆರಾಮಿಲ್ಲ, ಎಂದು ಅವರು ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದರು. ಅದೂ ಕುಂಟುತ್ತಲೇ ಹೋಯಿತು. ಆರು ಜನ ಬೇರೆ ಫ್ರೀಕ್ವೆನ್ಸಿಗೆ ಸರಿದರು.

“ಏನಂದ್ರು?” ಎಂದು ಚಾಚಿ ನನ್ನನ್ನು ಕೇಳಿದರು. ನಾನು ಬರೆದುಕೊಂಡ ಹಾಳೆಯನ್ನು ಮಡಚಿ ಜೇಬಿಗಿಟ್ಟೆ. ಚಾಚಾನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಆ ಮಧ್ಯಾಹ್ನವೇ ಬೆಳಗಾವಿಗೆ ಬಂದು, ಚಾಚಾನನ್ನು ಕೇಳದೆ, ಆರು ಜನರಿಗೂ ಕಾರ್ಡು ಬರೆದೆ. ಲಕ್ವ ಹೊಡೆದದ್ದು, ಕಂಪ್ಯೂಟರ್, ನನ್ನ ತಪ್ಪು, ಎಲ್ಲ. ಮುಂದಿನ ವಾರ ಖಾನಾಪುರಕ್ಕೆ ಹೋದಾಗ ಏಳು ಗಂಟೆಗೆ ಒಬ್ಬೊಬ್ಬರಾಗಿ ಚಾಚಾನ ಕರೆಗುರುತನ್ನು ಕರೆಯತೊಡಗಿದರು. ಕ್ಷಮಿಸಿ, ಬೇಗ ಗುಣವಾಗಿ, ಕಾಯುತ್ತೇವೆ. ಮೂರನೆಯವರು ಬಡಿಯುತ್ತಿರುವಾಗಲೇ ಚಾಚಾ ಎಡಗೈಯಿಂದ ರಿಸೀವರ್ ಆರಿಸಿದರು. ನನ್ನ ಕಡೆ ನೋಡಲಿಲ್ಲ.

“ತಾವ ಹೇಳಬೇಕಂತ ಇಷ್ಟ ದಿನ ಕೂತಿದ್ರು. ನೀ ಯಾಕ ಹೇಳಿದಿ ಬೇಟಾ?” ಎಂದರು ಚಾಚಿ.

ನಾನು ಬಗ್ಗಿ ಕಂಪ್ಯೂಟರಿನ ವೈರು ಬಿಚ್ಚತೊಡಗಿದೆ.